ಕೂರಿಗೆ ಹಿಡಿದ ಕೈಯ ಉತ್ತರ

ಅಳವಂಡಿ ಹೋಬಳಿಯ ನಮ್ಮೂರಿನಿಂದ
ಮಾರ್ಚ್ ೧೯೪೯

ಪ್ರೀತಿಯ ಅಂದಪ್ಪನವರಿಗೆ,

ಹೆಸರು ನೋಡಿ ಬೆಚ್ಚಬೇಡಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ನಮ್ಮವ್ವ ಕಲಿಸಿದ್ದಳು, ಬರೆಯಬಾರದೆಂದು ಹೇಳಲು ಮರೆತಿದ್ದಳು. ಬರೆದ ಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಮದುವೆಯಾಗಿ ನಾಲ್ಕು ವರ್ಷವಾಗುತ್ತ ಬಂತು. ಇಷ್ಟು ಚೆಂದದ ಹೆಸರನ್ನು ಊರವರೆಲ್ಲ ಕರೆದರು, ನಾನೊಬ್ಬಳೇ ಕರೆಯಲಿಲ್ಲ.

ನಿಮ್ಮ ಪತ್ರ ತಲುಪಿತು. ಕೊಪ್ಪಳದ ಕಚೇರಿಯಲ್ಲಿ ನಿಮ್ಮ ಗುಮಾಸ್ತಿಕೆ ಕಾಯಂ ಆಯಿತೆಂದು ಓದಿ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಗವಿಮಠದ ಹಾದಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೀರಿ, ಹಿತ್ತಲಲ್ಲೇ ಸಿಹಿನೀರಿನ ಬಾವಿ ಇದೆ, ಎಲ್ಲವೂ ಸಂತೋಷವೇ. ಆಮೇಲೆ ಆ ಕೊನೆಯ ಮಾತು. ಹೊಲವನ್ನು ನಿಮ್ಮ ದೊಡ್ಡಪ್ಪನ ಮಗ ಕೊಟ್ರಪ್ಪನಿಗೆ ಪಾಲಿಗೆ ಕೊಟ್ಟು, ಅತ್ತೆ ಮಾವನನ್ನು ಕರೆದುಕೊಂಡು ನಾನು ಬಂದುಬಿಡಬೇಕು. "ಬಿಸಿಲಾಗ ದುಡದದ್ದು ಸಾಕು. ಇಲ್ಲೆ ರಾಣಿ ಹಂಗ ಸುಕದಿಂದ ಇರು" ಎಂದು ಬರೆದಿದ್ದೀರಿ. ಸುಖಕ್ಕೆ ಇನ್ನೂ ಮಹಾಪ್ರಾಣ ಕೊಟ್ಟಿಲ್ಲ ನೀವು. ಆ ತಪ್ಪಿನ ಮೇಲೆ ಬೆರಳಾಡಿಸಿ ನಕ್ಕೆ. ಆಮೇಲೆ ಪತ್ರ ಮಡಿಚಿಟ್ಟು ಹೊಲಕ್ಕೆ ಹೋದೆ. ಹತ್ತಿ ಬಿಡಿಸುತ್ತ ದಿನವಿಡೀ ಅದನ್ನೇ ಯೋಚಿಸಿದೆ.

ಉತ್ತರ ಕೊಡುವ ಮೊದಲು ನಿಮಗೊಂದು ಸಂಗತಿ ಹೇಳಬೇಕಿದೆ. ನೀವು ಗಡಿಯಾಚೆಯ ಶಿಬಿರದಿಂದ ಬಂದಾಗ ಊರೆಲ್ಲ ನಿಮ್ಮ ಕಥೆ ಕೇಳಿತು. ಕಟ್ಟೆಯ ಮೇಲೆ ಕುಳಿತು ನೀವು ಹೇಳಿದಿರಿ, ಬಾಗಿಲ ಹಿಂದೆ ನಿಂತು ನಾನೂ ಕೇಳಿದೆ. ನನ್ನೆದೆ ಉಬ್ಬಿತ್ತು. ಆದರೆ ಆ ವರ್ಷ ನಾನು ಹೇಗಿದ್ದೆನೆಂದು ಯಾರೂ ಕೇಳಲಿಲ್ಲ. ಊರವರಿಂದ ಅಲ್ಲಷ್ಟು ಇಲ್ಲಷ್ಟು ನಿಮ್ಮ ಕಿವಿಗೆ ಬಿದ್ದಿರಬಹುದು. ನನ್ನ ಬಾಯಿಂದ ಬಂದಿಲ್ಲ. ಅದನ್ನು ಈಗ ಕೇಳಿ.

ನಿಮಗೂ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ನಾನು ಮುಂಡರಗಿ ಕಡೆಯ ಹುಡುಗಿ, ಇಂಗ್ಲಿಷರ ಸೀಮೆಯವಳು. ನಮ್ಮೂರಲ್ಲಿ ಕನ್ನಡ ಶಾಲೆ ಇತ್ತು, ಅಪ್ಪ ನಾಲ್ಕನೆಯ ಇಯತ್ತೆಯವರೆಗೆ ಓದಿಸಿದ. ನಿಮ್ಮದು ನಿಜಾಮರ ಸೀಮೆ. ಕೊಪ್ಪಳದಲ್ಲಿ ಅಷ್ಟು ವರ್ಷ ಓದಿದರೂ ಎಲ್ಲವೂ ಉರ್ದುವಿನಲ್ಲಿ. ಮದುವೆಯ ಹೊಸದರಲ್ಲಿ ಒಂದು ಮಧ್ಯಾಹ್ನ, ನಾನು ಕಾಳಿನ ಕೋಣೆಯಲ್ಲಿ ಜೋಳ ಹಸನು ಮಾಡುತ್ತಿದ್ದಾಗ ನೀವು ಏನೋ ಹುಡುಕುತ್ತ ಒಳಗೆ ಬಂದಿರಿ. ಪಕ್ಕದಲ್ಲಿ ನನ್ನ ಹಳೆಯ ಪಾಠದ ಪುಸ್ತಕವಿತ್ತು. ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಇದು ಏನಂತ ಬರದೈತಿ?" ಎಂದು ಕೇಳಿದಿರಿ. ಹಗಲು ಬೆಳಕಿನಲ್ಲಿ ನೀವು ನನ್ನೊಡನೆ ಆಡಿದ ಮೊದಲ ಪೂರ್ತಿ ಮಾತು ಅದು. ನಾನು ಓದಿ ಹೇಳಿದೆ. ನಿಮ್ಮ ಮುಖ ಸಣ್ಣದಾಯಿತು. "ನಮ್ಮ ಮಾತು ನನಗ ಓದಾಕ ಬರೂದಿಲ್ಲ ನೋಡು. ನೀ ಕಲಸ್ತೀಯೇನು?" ಅಂದಿರಿ.

ಮೊರದಲ್ಲಿ ಜೋಳವನ್ನು ತೆಳ್ಳಗೆ ಹರಡಿ ಬೆರಳಿನಿಂದ ಅ ಬರೆದು ತೋರಿಸಿದೆ. ನೀವು ಅದರ ಪಕ್ಕದಲ್ಲಿ ಬರೆದಿರಿ. ಅಂದಿನಿಂದ ದಿನವೂ ನಿಮಗೆ ಕಾಳಿನ ಕೋಣೆಯಲ್ಲಿ ಕೆಲಸ. ಹೊರಗೆ ಮಾವನ ಕೆಮ್ಮು ಕೇಳಿದರೆ ಸಾಕು, ಅಕ್ಷರ ಅಳಿಸಿ ಹುಳ ಹುಡುಕುವವರಂತೆ ಜೋಳ ಕೆದಕುತ್ತಿದ್ದಿರಿ. "ಈ ವರ್ಷ ಜೋಳಕ್ಕ ಹುಳ ಭಾಳ ಹತ್ಯಾವೇನು, ದಿನಾ ನೋಡಾಕ ಹೋಗ್ತಾನಲ್ಲ" ಎಂದು ಅತ್ತೆ ಕೇಳಿದಾಗ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ನಿಮ್ಮ ಮೇಲೆ ನನಗೆ ಮನಸ್ಸಾದದ್ದು ಆ ಮೊರದ ಮುಂದೆ. ಅದಕ್ಕೂ ಮೊದಲೇ ಮದುವೆಯಾಗಿತ್ತು, ಅದು ಬೇರೆ ಮಾತು.

ಕನ್ನಡ ಓದಲು ಬಂದಮೇಲೆ ಗಡಿಯಾಚೆಯಿಂದ ಕದ್ದು ಬರುತ್ತಿದ್ದ ಪತ್ರಿಕೆಗಳನ್ನು ಹುಲ್ಲಿನ ಬಣವೆಯ ಮರೆಯಲ್ಲಿ ಕುಳಿತು ಓದುತ್ತಿದ್ದಿರಿ. ನಲವತ್ತೇಳರ ಆಗಸ್ಟಿನಲ್ಲಿ ನನ್ನ ತವರಿನಲ್ಲಿ ಬಾವುಟ ಏರಿತು. ನಮ್ಮ ಕಡೆ ಏರಲಿಲ್ಲ. ಒಂದು ದೇಶದ ಹಬ್ಬ ಗಡಿಯ ಸುಂಕದ ನಾಕೆಯ ಹತ್ತಿರ ಬಂದು ನಿಂತುಬಿಟ್ಟಿತ್ತು. ಆಮೇಲೆ ನಿಜಾಮರ ವಿರುದ್ಧ ಹೋರಾಡಲು ಗಡಿಯಾಚೆಯ ಶಿಬಿರಕ್ಕೆ ನೀವೂ ಹೊರಟಿರಿ. ಹೊಸ್ತಿಲಲ್ಲಿ ನಿಂತು, "ಅಪ್ಪ ಅವ್ವ ಹೇಳಿದಂಗ ಕೇಳ್ಕೊಂಡಿರು. ಹೊಲದ್ದೆಲ್ಲಾ ಅಪ್ಪ ನೋಡ್ಕೊತಾನ" ಅಂದಿರಿ. ನಾನು ಗೋಣು ಹಾಕಿದೆ. ಅಷ್ಟೇ ನನಗೆ ಗೊತ್ತಿದ್ದದ್ದು.

ಮುಂದಿನ ಬೇಸಿಗೆಯಲ್ಲಿ ಮಾವ ಹೊಲದ ಬದುವಿನಲ್ಲೇ ಕುಸಿದು ಬಿದ್ದರು. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅದರ ಬೆನ್ನಿಗೇ ನಮ್ಮ ಜೋಡೆತ್ತಿನಲ್ಲಿ ಒಂದು ಬೇನೆ ಬಿದ್ದು ಸತ್ತಿತು. ಆಗ ಊರಿಗೆ ನಿಜಾಮರ ಕಡೆಯ ಬಂದೂಕಿನವರ ಭಯ. ಆಳುಗಳು ಬಿಟ್ಟುಹೋದರು, ಕೈಕಾಲು ಗಟ್ಟಿಯಿದ್ದ ಗಂಡಸರು ಒಬ್ಬೊಬ್ಬರಾಗಿ ಗಡಿ ದಾಟಿದರು. ಊರಲ್ಲಿ ಉಳಿದವರು ಹೆಂಗಸರು, ಮುದುಕರು, ಮತ್ತೆ ಕೊಟ್ರಪ್ಪನಂಥ ಒಂದಿಬ್ಬರು. ಮಳೆಗಾಲ ಬಂತು. ಕಪ್ಪು ಮಣ್ಣಿನ ಎರೆ ಹೊಲ ಹದಕ್ಕೆ ಬಂದು ಹತ್ತಿ ಬಿತ್ತುವ ಹೊತ್ತಾಯಿತು.

ಒಂದು ದಿನ ಕೊಟ್ರಪ್ಪ ಬಂದು ಪಡಸಾಲೆಯಲ್ಲಿ ಕುಳಿತ. ಅತ್ತೆಯೊಡನೆ ಮಾತು. "ಚಿಗವ್ವ, ಹೊಲ ಬೀಳು ಬೀಳ್ತೈತಿ. ನನಗ ಬಿಟ್ಟುಬಿಡು, ನಾ ನೋಡ್ಕೊತೀನಿ. ಅಂದಪ್ಪ ಬರ್ತಾನೋ ಇಲ್ಲೋ ಯಾರಿಗೆ ಗೊತ್ತು?" ಅಂದ. ಆ ಕೊನೆಯ ಮಾತು ಕೇಳಿ ಅತ್ತೆ ಸೆರಗು ಕಣ್ಣಿಗೊತ್ತಿಕೊಂಡರು. ಅವರು ಹೂಂ ಅನ್ನುವುದರಲ್ಲಿದ್ದರು. ಒಳಗಿನ ಬಾಗಿಲ ಹಿಂದೆ ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಕೈ ನಿಂತಿತು. ನೀವು ಬರುವುದಿಲ್ಲವೆಂದು ಒಪ್ಪಿಕೊಂಡ ಹಾಗೆ ಆಗುತ್ತಿತ್ತು, ಹೊಲ ಕೊಟ್ಟರೆ. ನನಗೇ ಗೊತ್ತಿಲ್ಲದೆ ಮಾತು ಹೊರಗೆ ಬಂತು.

"ಹೊಲ ಬಿಡೂದಿಲ್ರಿ ಭಾವ. ನಾವ ಬಿತ್ತತೀವಿ."

ಕೊಟ್ರಪ್ಪ ನಕ್ಕ. "ಯಾರವ್ವ ಬಿತ್ತೋರು?"

"ನಾನ ರೀ."

ಅವನು ಹೋದ ಮೇಲೆ ಅತ್ತೆ ನನ್ನನ್ನು ಬಿಡಲಿಲ್ಲ. "ಹೆಣ್ಣು ಕೂರಿಗಿ ಹಿಡದ್ರ ಮಳಿ ಮುನಿಸಿಕೊಂತೈತಿ. ಬೀಜ ಬಿಡೂದು ಹೆಣಮಕ್ಕಳ ಕೆಲಸ, ಕೂರಿಗಿ ಹೊಡಿಯೂದಲ್ಲ. ಊರ ಬಾಯಾಗ ಬೀಳ್ತೀಯಲ್ಲ ನೀ!" ಎಂದು ಸಂಜೆಯವರೆಗೆ ಅಂದರು. ಮನೆಯಲ್ಲಿ ಎತ್ತೂ ಜೋಡಿ ಇರಲಿಲ್ಲ, ಒಂದೇ ಇತ್ತು. ಮಾತು ಆಡಿಯಾಗಿತ್ತು, ಅಷ್ಟೇ.

ಗೋಡೆಯಾಚೆ ಮನೆಯ ದಾವಲಬೀ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಗಂಡ ಶಾಮೀದಸಾಬರಿಗೆ ಮೊಣಕಾಲು ನೋವು, ಅವರ ಹೊಲವೂ ಹಾಗೇ ಬಿದ್ದಿತ್ತು. ಮಕ್ಕಳಿಲ್ಲ. ಬೆಳಗಾಗುತ್ತಲೇ ಅವಳು ಹಿತ್ತಲ ಗೋಡೆಯ ಮೇಲಿಂದ ಇಣುಕಿ ಹೇಳಿದಳು: "ಶೇಖರವ್ವ, ನಮ್ಮದೂ ಒಂದ ಎತ್ತು ಐತಿ. ನಿಮ್ಮದೊಂದು ನಮ್ಮದೊಂದು ಹೂಡೂಣು. ನೀ ಕೂರಿಗಿ ಹಿಡಿ, ಬೀಜ ನಾ ಬಿಡ್ತೀನಿ. ಎರಡೂ ಹೊಲ ಮುಗಸೂಣು, ಏನಂತಿ?"

ಹತ್ತಿ ಬೀಜಕ್ಕೆ ಸಗಣಿ ಮಣ್ಣು ಹಚ್ಚಿ ತಿಕ್ಕಿ ಒಣಗಿಸಿದೆವು. ಮೂಡಲು ಕೆಂಪೇರುವ ಹೊತ್ತಿಗೆ ಹೊಲದಲ್ಲಿದ್ದೆವು. ಶಾಮೀದಸಾಬರು ಕೋಲೂರಿಕೊಂಡು ಬಂದು ಬದುವಿನ ಮೇಲೆ ಕುಳಿತರು. ನಾನು ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಕೂರಿಗೆಯ ಮೇಲೆ ಕೈಯಿಟ್ಟೆ. ಎತ್ತುಗಳು ಒಂದಕ್ಕೊಂದು ಹೊಸವು. ನಮ್ಮದು ಎಡಕ್ಕೆ ಎಳೆದರೆ ಅವರದು ನಿಂತುಬಿಡುತ್ತಿತ್ತು. ಮೊದಲ ಸಾಲು ಹಾವಿನ ಹಾಗೆ ಹರಿಯಿತು.

"ಹಿಂದ ನೋಡಬ್ಯಾಡ ಮಗಳ, ಎತ್ತಿನ ಕಿವಿ ನೋಡು!" ಶಾಮೀದಸಾಬರು ಕೂಗಿದರು. "ಬಾಯಿ ಬಿಚ್ಚು! ಸುಮ್ಮನ ನಡದ್ರ ಅವಕ್ಕ ಹ್ಯಾಂಗ ತಿಳೀಬೇಕು?"

ಬಾಯಿ ಬಿಚ್ಚುವುದು! ನಮ್ಮ ಮನೆಯಲ್ಲಿ ನನ್ನ ದನಿ ಕೇಳಿದವರು ಯಾರು? ಮಾವನಿಗೆ ಕೇಳಬಾರದು, ಭಾವಂದಿರಿಗೆ ಕೇಳಬಾರದು, ಬೀದಿಗೆ ಕೇಳಬಾರದು. ನಿಮ್ಮೊಡನೆ ಕೂಡ ಪಿಸುಮಾತೇ. ಮೊದಲ ಸಲ ಹೋ ಅಂದಾಗ ಎತ್ತುಗಳಿಗೂ ಕೇಳಿಸಲಿಲ್ಲ. ದಾವಲಬೀ ಹಿಂದಿನಿಂದ, "ಇನ್ನೂ ಜೋರಾಗಿ" ಅಂದಳು. ಎರಡನೆಯ ಸಲ ಸ್ವಲ್ಪ ಬಂತು. ಆಮೇಲೆ ಒಂದು ಸಾಲಿನ ಕೊನೆಯಲ್ಲಿ ಎತ್ತುಗಳು ಬದು ಹತ್ತಿಯೇ ಬಿಡುತ್ತವೆ ಅನ್ನಿಸಿದಾಗ ಹೊಟ್ಟೆಯೊಳಗಿಂದ ಒಂದು ಕೂಗು ಹೊರಟಿತು ನೋಡಿ, ಹಳ್ಳದ ಆಚೆ ದಂಡೆಯಲ್ಲಿ ಸೌದೆ ಆರಿಸುತ್ತಿದ್ದ ಹೆಂಗಸರು ಎದ್ದುನಿಂತು ನೋಡಿದರು. ಎತ್ತುಗಳು ನಿಂತವು, ತಿರುಗಿದವು, ಜೊತೆಯಾಗಿ ಹೆಜ್ಜೆ ಹಾಕಿದವು. ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಅಂದೇ ತಿಳಿದದ್ದು. ಇಪ್ಪತ್ತೆರಡು ವರ್ಷ ಅದು ನನ್ನೊಳಗೇ ಇತ್ತು.

ಬಿತ್ತನೆ ಮುಗಿಯಿತು, ಮಳೆ ಬರಲಿಲ್ಲ. ಅತ್ತೆ ದಿನವೂ ಅಂಗಳಕ್ಕೆ ಬಂದು ಮುಗಿಲು ನೋಡಿ ನನ್ನನ್ನು ನೋಡುತ್ತಿದ್ದರು. ಕೊಟ್ರಪ್ಪನ ಮನೆಯವರು ಬಾವಿಯ ಹತ್ತಿರ ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ನನಗೂ ಅಳುಕು ಹುಟ್ಟಿತು. ಒಂದು ಮಧ್ಯಾಹ್ನ ಪಡುವಣದಲ್ಲಿ ಕಪ್ಪಾಯಿತು. ನಾವು ಒಣಹಾಕಿದ್ದನ್ನು ಎತ್ತಿಕೊಳ್ಳುವಷ್ಟರಲ್ಲಿ ಸುರಿಯಿತು ನೋಡಿ, ಹೊಲದ ಸಾಲುಸಾಲೆಲ್ಲ ನೀರು ಕುಡಿಯಿತು. ಮರುದಿನ ಅತ್ತೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದರೆ ರೊಟ್ಟಿಯ ನಡುವೆ ಬೆಣ್ಣೆಯ ಮುದ್ದೆ ಇತ್ತು, ಜೊತೆಗೆ ದಾವಲಬೀಗೆಂದು ಬೇರೆ ಕಟ್ಟಿದ ಇನ್ನೊಂದು ಗಂಟು.

ಹತ್ತಿ ಎರಡೆಲೆ ಒಡೆದಾಗ ಕಳಕಮ್ಮ ಬಂದಳು. ಅವಳ ಗಂಡನೂ ನಿಮ್ಮ ಶಿಬಿರದಲ್ಲೇ ಇದ್ದನಲ್ಲ. "ನಂದೊಂದು ತುಂಡು ಹೊಲ ಐತಿ, ಬಿತ್ತಿ ಕೊಡವ್ವ" ಅಂದಳು. ಅವಳ ಹಿಂದೆ ಫಕೀರಮ್ಮ. ಆಮೇಲೆ ಇನ್ನೂ ಕೆಲವರು. ನಾನೂ ದಾವಲಬೀಯೂ ನಮ್ಮ ಬೇರೆ ಬೇರೆ ಮನೆಯ ಎತ್ತುಗಳನ್ನು ಹೂಡಿಕೊಂಡು ಹೊಲದಿಂದ ಹೊಲಕ್ಕೆ ಹೋದೆವು. ಕಳಕಮ್ಮ ತಾನೇ ಹಿಡಿದು ನೋಡುತ್ತೇನೆಂದಳು, ಕಲಿಸಿದೆ. ಆ ಮಳೆಗಾಲ ನಮ್ಮೂರಿನ ಎರೆಯಲ್ಲಿ ಕೇಳಿದ್ದೆಲ್ಲ ಹೆಂಗಸರ ಕೂಗೇ.

ಪೈರು ಮೊಣಕಾಲುದ್ದ ಬೆಳೆದಾಗ ಮಾವನನ್ನು ಹೊರಸಿನ ಮೇಲೆ ಮಲಗಿಸಿ ಹೊಲಕ್ಕೆ ಎತ್ತಿಕೊಂಡು ಹೋದೆವು. ಹೊತ್ತವರು ನಾವೇ ನಾಲ್ಕು ಜನ ಹೆಂಗಸರು. ಅವರು ಬಹಳ ಹೊತ್ತು ಸಾಲುಗಳನ್ನು ನೋಡಿದರು. ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಸದ್ದಷ್ಟೇ ಬರುತ್ತಿತ್ತು. ಅಂದು ತುಟಿ ಒದ್ದಾಡಿ ಒದ್ದಾಡಿ ಒಂದು ಮಾತು ಬಂತು. "ನೆಟ್ಟಗ" ಅಂದರು. ನೆಟ್ಟಗಿವೆ ಅನ್ನುವುದನ್ನು ಪೂರ್ತಿ ಹೇಳಲಾಗದೆ ಅಷ್ಟನ್ನೇ ಮತ್ತೆ ಅಂದರು. ಅತ್ತೆ ಹೊರಸಿನ ಕಾಲು ಹಿಡಿದು ಅತ್ತರು. ನನಗೆ ಅಳು ಬರಲಿಲ್ಲ. ಹೊಲದ ನಡುವೆ ನಿಂತಿದ್ದ ನಾನು ಒಂದು ಗೇಣು ಎತ್ತರವಾದ ಹಾಗೆ ಅನ್ನಿಸಿತ್ತು.

ಆ ದಿನಗಳಲ್ಲಿ ನೀವು ನೆನಪಾಗುತ್ತಿರಲಿಲ್ಲವೇ ಎಂದರೆ, ಪ್ರತಿ ಸಾಲಿನ ತುದಿಯಲ್ಲಿ ನೆನಪಾಗುತ್ತಿದ್ದಿರಿ. ಬದುವಿನ ಜಾಲಿಯ ನೆರಳಿನಲ್ಲಿ ಉಣ್ಣುವಾಗ ನಿಮಗಲ್ಲಿ ಊಟ ಸಿಕ್ಕಿತೋ ಇಲ್ಲವೋ ಎಂದು ಅರ್ಧ ರೊಟ್ಟಿ ಗಂಟಿನಲ್ಲೇ ಉಳಿಯುತ್ತಿತ್ತು. ಆದರೆ ಮೊದಲು ನಾನು, ಇವರಿಲ್ಲದಿದ್ದರೆ ನಾನೇ ಇಲ್ಲ ಎಂದುಕೊಂಡಿದ್ದೆ. ಅದು ಸುಳ್ಳಾಯಿತು. ನೀವು ಬೇಕು ಅನ್ನುವುದಕ್ಕೂ ನೀವಿಲ್ಲದೆ ಬದುಕಲಾರೆ ಅನ್ನುವುದಕ್ಕೂ ಎಷ್ಟು ದೂರವಿದೆಯೆಂದು ಆ ಹೊಲದಲ್ಲಿ ನಡೆದು ನಡೆದು ಕಂಡುಕೊಂಡೆ. ನಂಬಿ, ಆಮೇಲೆ ನಿಮ್ಮ ಮೇಲಿನ ಪ್ರೀತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೊದಲಿನದರಲ್ಲಿ ಹೆದರಿಕೆ ಬೆರೆತಿತ್ತು.

ಸೆಪ್ಟೆಂಬರಿನಲ್ಲಿ ಗಡಿಯಾಚೆಯಿಂದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ನೀವು ಬಂದಿರಿ. ಕೊರಳ ತುಂಬ ಚೆಂಡುಹೂವಿನ ಮಾಲೆ, ಮುಖದ ತುಂಬ ಗಡ್ಡ. ಹಲಗೆ ಬಡಿಯುತ್ತ ಊರು ನಿಮ್ಮನ್ನು ಕರೆತಂದಾಗ ನಾನು ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದೆ. ನೀವು ನನ್ನ ಮುಖಕ್ಕಿಂತ ಮೊದಲು ನನ್ನ ಕೈ ನೋಡಿದಿರಿ. ಅಂಗೈ ಒರಟಾಗಿ ಬಿರುಕು ಬಿಟ್ಟಿತ್ತು.

ಮಾರನೆಯ ದಿನದ ಸಂಗತಿಯನ್ನು ನಾವಿಬ್ಬರೂ ಮತ್ತೆ ಆಡಿಲ್ಲ. ನೀವು ಬಾವುಟ ಏರಿಸಲು ಅಳವಂಡಿಗೆ ಹೋಗಿದ್ದಿರಿ. ಮಧ್ಯಾಹ್ನದ ಹೊತ್ತಿಗೆ ಒಂದಿಷ್ಟು ಗಂಡಸರು ಕೊಡಲಿ, ಬಡಿಗೆ ಹಿಡಿದು ಶಾಮೀದಸಾಬರ ಮನೆಯ ಕಡೆ ಬಂದರು. ಹೊರಗಿನವರೂ ಇದ್ದರು, ನಮ್ಮೂರಿನವರೂ ಇದ್ದರು. ವರ್ಷವಿಡೀ ಹೆದರಿ ಬದುಕಿದ್ದ ಜನ ಈಗ ಹೆದರಿಸಲು ಹೊರಟಿದ್ದರು. ಆ ಮುದುಕ ಯಾರಿಗೆ ಏನು ಮಾಡಿದ್ದರು? ಅವರ ಹೆಸರೇ ಸಾಕಾಗಿತ್ತು. ದಾವಲಬೀ ಗಂಡನ ಕೈಹಿಡಿದು ಹಿತ್ತಲ ಗೋಡೆಯ ಸಂದಿನಿಂದ ನಮ್ಮ ಕೊಟ್ಟಿಗೆಗೆ ಬಂದಳು. ಅವರನ್ನು ಎಲ್ಲಿ ಬಚ್ಚಿಡುವುದೆಂದು ನನಗೆ ತೋಚಲಿಲ್ಲ. ಮಡಿ ಮೈಲಿಗೆ ಎಂದು ನನ್ನನ್ನೇ ಎಷ್ಟೋ ಸಲ ಹೊರಗೆ ನಿಲ್ಲಿಸಿದ್ದ ಅತ್ತೆ ಆಗ ಹೇಳಿದರು: "ದೇವರ ಕ್ವಾಣ್ಯಾಗ ಕುಂದ್ರಸು. ಅಲ್ಲಿಗೆ ಯಾರೂ ಕಾಲಿಡೂದಿಲ್ಲ. ನೀ ಬಾಗಲದಾಗ ನಿಂದ್ರು ಹೋಗು."

ಹೋಗಿ ನಿಂತೆ. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. "ಶೇಖರವ್ವ, ಅವರನ್ನ ಹೊರಗ ಕಳಸು. ನಿನ್ನ ಗಂಡ ಇದಕ್ಕಂತನ ಹೋರಾಡಿ ಬಂದಾನ" ಎಂದ ಮುಂದಿದ್ದವನು.

ಹೊಲದಲ್ಲಿ ಕಲಿತ ದನಿ ಅದು, ಬೀದಿಯ ತುದಿಯವರೆಗೆ ಕೇಳಿರಬೇಕು. "ನನ್ನ ಗಂಡ ಇದಕ್ಕಂತ ಹೋರಾಡಿದ್ರ ಅವರ ಬಂದು ನನ್ನ ಮುಂದ ಹೇಳ್ಲಿ. ನೀವೆಲ್ಲಾ ಗಡಿ ದಾಟಿ ಹ್ವಾದಾಗ ನಿಮ್ಮ ಹೊಲ ಬಿತ್ತಿದ್ದು ಯಾರ ಎತ್ತು? ಕೇಳ್ರಿ, ನಿಮ್ಮ ಹೆಣಮಕ್ಕಳನ್ನ ಕೇಳ್ರಿ! ಆ ಎತ್ತಿನ ಧಣಿ ನನ್ನ ಮನ್ಯಾಗ ಕುಂತಾನ. ಅವನ್ನ ಮುಟ್ಟಬೇಕಂದ್ರ ಮೊದಲ ನನ್ನ ದಾಟ್ರಿ."

ಗದ್ದಲದ ಅಂಚಿನಿಂದ ಕಳಕಮ್ಮ ಬಂದಳು. ಗಂಡ ಅವಳ ರಟ್ಟೆ ಹಿಡಿದ, ಅವಳು ಕೊಸರಿಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳ ಪಕ್ಕ ಫಕೀರಮ್ಮ. ಆಮೇಲೆ ಒಬ್ಬೊಬ್ಬರೇ, ಕೈಯ ಕೆಲಸ ಬಿಟ್ಟು ಬಂದವರು, ಹಿಟ್ಟಿನ ಕೈಯವರು, ಎಲ್ಲ ಬಂದು ಮೆಟ್ಟಿಲ ತುಂಬ ಕುಳಿತರು. ಗಂಡಸರಿಗೆ ಮೇಲೆ ಹತ್ತಲು ಜಾಗವೇ ಉಳಿಯಲಿಲ್ಲ.

ಆಗ ನೀವು ಬಂದಿರಿ. "ನೀ ಹೇಳಪ್ಪಾ ಅಂದಪ್ಪ, ನಿನ್ನ ಹೇಣ್ತಿಗೆ" ಎಂದು ಎಲ್ಲರೂ ನಿಮ್ಮ ಕಡೆ ತಿರುಗಿದರು. ನೀವು ನನ್ನನ್ನು ನೋಡಿದಿರಿ, ಅವರನ್ನು ನೋಡಿದಿರಿ. ಒಂದು ಗಳಿಗೆ ತಡೆದಿರಿ. ನಾನು ಅದನ್ನು ಕಂಡೆ, ಮುಚ್ಚಿಡುವುದಿಲ್ಲ. ನೀವು ಆಚೆ ಕಡೆ ನಿಂತಿದ್ದರೂ ನಾನು ಬಾಗಿಲು ಬಿಡುತ್ತಿರಲಿಲ್ಲ ಎಂಬುದು ಆ ಗಳಿಗೆಯಲ್ಲೇ ನನಗೆ ಖಾತ್ರಿಯಾಯಿತು. ಆಮೇಲೆ ನೀವು ಕುಳಿತ ಹೆಂಗಸರಿಗೆ ಕೈಮುಗಿದು ದಾರಿ ಕೇಳಿ, ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕದಲ್ಲಿ ನಿಂತಿರಿ. ನನ್ನ ಮುಂದೆ ನಿಲ್ಲಲಿಲ್ಲ, ಪಕ್ಕದಲ್ಲಿ ನಿಂತಿರಿ. "ಇದು ಅಕಿ ನಡಸಿದ ಮನಿ. ಅಕಿ ಹೇಳಿದ್ದ ಕಡೀ ಮಾತು. ಎಲ್ಲಾರೂ ಮನಿಗೆ ಹೋಗ್ರಿ" ಅಂದಿರಿ. ಅವರು ಹೋದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒಳಗೆ ಬಂದು ನೀವು, "ನನ್ನನ್ನ ಒಂದ ಮಾತು ಕೇಳಬೇಕಿತ್ತು" ಅಂದಿರಿ. "ಕೇಳಾಕ ನೀವು ಎಲ್ಲಿದ್ರಿ?" ಅಂದೆ. ನಮ್ಮ ಮೊದಲ ಜಗಳ ಅದು. ಎಷ್ಟೋ ದಿನ ನೀವು ಕಟ್ಟೆಯ ಮೇಲೆ, ನಾನು ಒಲೆಯ ಮುಂದೆ. ಇಬ್ಬರೂ ಸೋಲಲಿಲ್ಲ.

ಜಗಳ ಬಿಡಿಸಿದ್ದು ಹಿಂಗಾರಿ ಮಳೆ. ಜೋಳ ಬಿತ್ತುವ ಬೆಳಗ್ಗೆ ನೀವು ನನ್ನ ಕೈಯಿಂದ ಕೂರಿಗೆ ತೆಗೆದುಕೊಂಡಿರಿ. ಗಂಡಸು ಮನೆಯಲ್ಲಿರುವಾಗ ಹೆಂಗಸು ಯಾಕೆ ಎಂಬ ಮುಖ. ನಾನು ಬದುವಿನ ಮೇಲೆ ಹೋಗಿ ನಿಂತೆ. ನೀವು ಕೂಗಿದಿರಿ, ಎತ್ತುಗಳು ಕದಲಲಿಲ್ಲ. ಬಾರಕೋಲು ಎತ್ತಿದಿರಿ, ಎರಡೂ ಕತ್ತು ತಿರುಗಿಸಿ ನನ್ನ ಕಡೆ ನೋಡಿದವು. ಹೇಗೋ ಎಳೆದುಕೊಂಡು ಹೋದ ಸಾಲು ಎಲ್ಲಿಂದ ಎಲ್ಲಿಗೋ ಹೋಯಿತು. ನಾನು ನಗು ತಡೆದುಕೊಂಡಿದ್ದೆ. ಮೊದಲು ನಕ್ಕವರು ನೀವು. "ಇವು ನಿನ್ನ ಮಾತ ಕೇಳ್ತಾವ, ನನ್ನ ಮಾತಲ್ಲ. ಬಾ ಇತ್ತ" ಎಂದು ಕೂರಿಗೆ ಬಿಟ್ಟುಕೊಟ್ಟಿರಿ. ಆಮೇಲೆ ಹೆಗಲ ಶಲ್ಯ ತೆಗೆದು ನಡುವಿಗೆ ಉಡಿಯ ಹಾಗೆ ಕಟ್ಟಿ, ಅದರಲ್ಲಿ ಬೀಜ ತುಂಬಿಕೊಂಡು ನನ್ನ ಹಿಂದೆ ನಡೆದಿರಿ. ಹೆಂಗಸರು ನಡೆಯುವ ಜಾಗದಲ್ಲಿ, ಹೆಂಗಸರು ಮಾಡುವ ಕೆಲಸಕ್ಕೆ.

ಹಾದಿಯಲ್ಲಿ ಹೋಗುತ್ತಿದ್ದ ಕೊಟ್ರಪ್ಪ ನಿಂತು, "ಏನಪಾ, ಶಿಬಿರದಾಗ ಇದನ್ನ ಕಲಿಸಿದ್ರೇನು? ಹೇಣ್ತಿ ಬೆನ್ನ ಹಿಂದ ನಡಿಯೂದು?" ಎಂದು ಕೂಗಿದ. ನನ್ನ ಬೆನ್ನು ಸೆಟೆಯಿತು. ನೀವು ಬೀಜ ಬಿಡುವುದನ್ನು ನಿಲ್ಲಿಸದೆ ಹೇಳಿದಿರಿ: "ಹೌದಣ್ಣ. ಸಾಲು ನೆಟ್ಟಗ ಬರ್ಬೇಕಲ್ಲ?" ಹೊಲದಲ್ಲಿದ್ದವರೆಲ್ಲ ನಕ್ಕರು, ಬದುವಿನ ಮೇಲಿದ್ದ ಶಾಮೀದಸಾಬರೂ.

ಸಂಜೆ ಎತ್ತು ಹೊಡೆದುಕೊಂಡು ಮನೆಗೆ ಬರುವಾಗ ಜೊತೆಯಲ್ಲಿ ನಡೆದೆವು. ಹಗಲಿನಲ್ಲಿ ಊರ ಹಾದಿಯಲ್ಲಿ ನಾವಿಬ್ಬರೂ ಸರಿಸಮ ನಡೆದದ್ದು ಅದೇ ಮೊದಲು. "ಶಿಬಿರದಾಗ ದಿನಾ ನಿನ್ನ ನೆನಸ್ತಿದ್ದೆ. ಅಳಕೋತ ಕುಂತಿರ್ತಿ ಅಂದ್ಕೊಂಡಿದ್ದೆ" ಅಂದಿರಿ.

"ಅತ್ತೀನ್ರಿ" ಅಂದೆ.

"ಅತ್ತಿರಬೇಕು. ಆದ್ರ ಕುಂತಿಲ್ಲ ನೋಡು" ಅಂದಿರಿ. ಹಾಗೆನ್ನುವಾಗ ನಿಮ್ಮ ದನಿಯಲ್ಲಿ ಹೆಮ್ಮೆ ಇತ್ತು. ಚೆಂಡುಹೂವಿನ ಮಾಲೆ ಹಾಕಿಕೊಂಡು ಬಂದ ದಿನವೂ ನಿಮ್ಮಲ್ಲಿ ಅಷ್ಟು ಹೆಮ್ಮೆ ಕಂಡಿರಲಿಲ್ಲ. ಆ ಒಂದು ಮಾತಿಗೆ ನಾನು ನಿಮ್ಮನ್ನು ಜನ್ಮವಿಡೀ ಪ್ರೀತಿಸಬಲ್ಲೆ.

ಇಷ್ಟೆಲ್ಲ ಕಂಡವರು ನೀವು. ಕೊಪ್ಪಳಕ್ಕೆ ಹೋಗಿ ಎರಡು ತಿಂಗಳಾಗುವಷ್ಟರಲ್ಲಿ ರಾಣಿಯ ಹಾಗೆ ಇರು ಎಂದು ಹೇಗೆ ಬರೆದಿರಿ? ನನ್ನ ಮೇಲಿನ ಮರುಕದಿಂದಲೇ ಬರೆದದ್ದೆಂದು ಬಲ್ಲೆ. ಬಿಸಿಲಲ್ಲಿ ಕರಕಾದ ನನ್ನ ಮುಖ ನಿಮ್ಮ ಕಣ್ಣ ಮುಂದೆ ಬಂದಿರಬೇಕು. ಆದರೆ ಎರಡು ಕೋಣೆಯಲ್ಲಿ ಕುಳಿತು ನೀವು ಕಚೇರಿಯಿಂದ ಬರುವ ದಾರಿ ನೋಡುತ್ತಿದ್ದರೆ ನಾನು ಯಾರಾಗಿರುತ್ತೇನೆ ಹೇಳಿ? ನೀವು ಅಂದು ಪಕ್ಕದಲ್ಲಿ ಬಂದು ನಿಂತದ್ದು ಆ ಹೆಂಗಸಿನ ಜೊತೆಗಲ್ಲ.

ಹಾಗಾಗಿ ನನ್ನ ಉತ್ತರ ಇದು. ಹೊಲ ಯಾರಿಗೂ ಕೊಡುವುದಿಲ್ಲ. ಬಿತ್ತುವವಳೂ ನಾನೇ, ಬೆಳೆಯುವವಳೂ ನಾನೇ. ಮಾವನಿಗೆ ಎತ್ತಿನ ಗಂಟೆ ಕೇಳಿದರೇನೇ ಊಟ ಸೇರುವುದು, ಅವರೂ ಅತ್ತೆಯೂ ಇಲ್ಲೇ ಇರುತ್ತಾರೆ. ನೀವು ನೌಕರಿ ಬಿಡಬೇಡಿ. ಓದು ಬಾರದ ಹಳ್ಳಿಯ ಮಂದಿ ಕಾಗದ ಹಿಡಿದು ನಿಮ್ಮ ಮುಂದೆ ಬಂದು ನಿಲ್ಲುತ್ತಾರೆ, ನೀವು ಅವರ ಮಾತಿನಲ್ಲೇ ಓದಿ ಹೇಳುತ್ತೀರಿ ಎಂದು ಕೇಳಿದಾಗ ನನಗಾದ ಹೆಮ್ಮೆ ಸಣ್ಣದಲ್ಲ. ರಜೆ ಇದ್ದಾಗಲೆಲ್ಲ ಊರಿಗೆ ಬನ್ನಿ. ಹೊಲಕ್ಕೆ ಬಿಡುವಿರುವ ಬೇಸಿಗೆಯಲ್ಲಿ ನಾನು ಕೊಪ್ಪಳಕ್ಕೆ ಬರುತ್ತೇನೆ. ನಿಮ್ಮ ಸಿಹಿನೀರಿನ ಬಾವಿ ಸೇದುತ್ತೇನೆ, ಹೊತ್ತು ಇಳಿದ ಮೇಲೆ ಇಬ್ಬರೂ ಗವಿಮಠದ ಗುಡ್ಡ ಹತ್ತೋಣ. ಮೊದಲ ಮಳೆ ಬಿದ್ದ ದಿನ ನನ್ನನ್ನು ತಡೆಯಬೇಡಿ.

ಜನ ಏನಂದಾರು ಎಂದು ಬರೆಯಬೇಡಿ. ಜನ ಅನ್ನುವುದನ್ನೆಲ್ಲ ನಾನು ಆಗಲೇ ಕೇಳಿಯಾಗಿದೆ. ಒಪ್ಪದಿದ್ದರೆ? ಅದನ್ನೂ ಯೋಚಿಸಿದ್ದೇನೆ. ನನಗೆ ತುಂಬ ದುಃಖವಾಗುತ್ತದೆ. ಬಿತ್ತನೆ ಮಾತ್ರ ನಿಲ್ಲುವುದಿಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಬರೆದಿಲ್ಲ. ಹೆದರಿಕೆಯಿಂದ ಹೂಂ ಅಂದ ಗಂಡ ನನಗೆ ಬೇಡ, ಹೆದರಿಕೆಯಿಂದ ಬಂದ ಹೆಂಡತಿ ನಿಮಗೂ ಬೇಡ.

ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ. ನಾಡಿದ್ದು ಹತ್ತಿ ಹೇರಿಕೊಂಡು ಕೊಪ್ಪಳದ ಪೇಟೆಗೆ ಬರುವವಳಿದ್ದೇನೆ. ಗಾಡಿ ಹೊಡೆಯುವವಳು ನಾನೇ, ಹತ್ತಿ ತುಂಬಿದ ಅಂಡಿಗೆಗಳ ಮೇಲೆ ದಾವಲಬೀ ಕುಳಿತಿರುತ್ತಾಳೆ, ಅವಳ ಹತ್ತಿಯೂ ಇದೆ. ಕಚೇರಿಯ ಮುಂದೆ ಗಾಡಿ ನಿಲ್ಲಿಸಿ, ನಿಮ್ಮ ಜೊತೆಯ ಗುಮಾಸ್ತರು ನೋಡುತ್ತಿರುವಾಗಲೇ ನಿಮ್ಮ ಕೈಗೆ ಇದನ್ನು ಕೊಟ್ಟು ಪೇಟೆಗೆ ಹೋಗುತ್ತೇನೆ. ನೀವು ನಿಧಾನವಾಗಿ ಓದಿ. ಉತ್ತರ ಬರೆದು ಕಳಿಸಬೇಡಿ, ಸಂಜೆಯೊಳಗೆ ಪೇಟೆಗೆ ಬಂದು ಬಾಯಿಂದ ಹೇಳಿ. ಹೂಂ ಅನ್ನುವುದಾದರೆ ಎರಡು ದಿನದ ರಜೆಯನ್ನೂ ಹಾಕಿ ಬನ್ನಿ. ನಾವಿಬ್ಬರೂ ಬಿತ್ತಿದ ಜೋಳದ ರಾಶಿ ಕಣದಲ್ಲಿದೆ, ಪೂಜೆಗೆ ನೀವು ಇರಬೇಕು. ಮರಳುವಾಗ ಗಾಡಿ ಖಾಲಿಯಿರುತ್ತದೆ. ಮುಂದೆ ನನ್ನ ಪಕ್ಕದಲ್ಲಿ ಕುಳಿತು ಬನ್ನಿ, ಜಾಗ ಬೇಕಾದಷ್ಟಿದೆ.

ಹಗ್ಗ ಮಾತ್ರ ನನ್ನ ಕೈಯಲ್ಲಿರುತ್ತದೆ.

ಹುಲಿಗೆಮ್ಮ ತಾಯಿ ನಿಮ್ಮನ್ನು ತಣ್ಣಗಿಟ್ಟಿರಲಿ, ನಿಮ್ಮ ಲೇಖನಿಗೆ ಬಲ ಕೊಡಲಿ.

ನಿಮ್ಮ ದಾರಿ ನೋಡುವವಳೂ, ತನ್ನ ದಾರಿ ತಾನೇ ಕಂಡುಕೊಂಡವಳೂ ಆದ
ನಿಮ್ಮ
ಶೇಖರಮ್ಮ